ದೂರದ ಕಡಲು, ನಮ್ಮ ಮಳೆ

ಕ್ರಿ.ಶ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವು ಭೀಕರ ಕ್ಷಾಮಕ್ಕೆ ತುತ್ತಾಯಿತು. ಸಂವತ್ಸರಗಳ ಹೆಸರಿನಿಂದ ಜನರು ಅದನ್ನು ‘ಧಾತು ಈಶ್ವರದ ಬರ’ ಎಂದು ಕರೆದರು. 1871ರಲ್ಲಿ ಸುಮಾರು 50 ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರ ವೇಳೆಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. 1877ರ ಮುಂಗಾರು ಕ್ಷೀಣಿಸಿದ್ದೇಕೆ ಎಂಬುದು ಅಂದಿನವರಿಗೆ ತಿಳಿಯದು. ಅದರ ಒಂದು ಮುಖ್ಯ ಕಾರಣವು ಭೂಮಿಯ ಮತ್ತೊಂದು ಮಗ್ಗುಲಿನ ಪೆಸಿಫಿಕ್ ಮಹಾಸಾಗರದಲ್ಲಿತ್ತು.

ಆ ಸಾಗರದಲ್ಲಿ ಸಮಭಾಜಕ ವೃತ್ತದ ಬಳಿ ವಾಣಿಜ್ಯ ಮಾರುತಗಳು ಪೂರ್ವದಿಂದ ಪಶ್ಚಿಮಕ್ಕೆ ಬೀಸುತ್ತವೆ. ಬಿಸಿಲಿಗೆ ಕಾದ ಮೇಲ್ಪದರದ ನೀರನ್ನು ಅವು ಇಂಡೊನೇಷ್ಯದ ಕಡೆಗೆ ತಳ್ಳುತ್ತವೆ. ಅಲ್ಲಿ ಬೆಚ್ಚಗಿನ ತೇವಭರಿತ ಗಾಳಿಯು ಮೇಲೇರಿ, ಮೋಡವಾಗಿ, ಮಳೆ ಸುರಿಸುತ್ತದೆ. ತೇವವನ್ನು ಕಳೆದುಕೊಂಡ ಗಾಳಿಯು ಎತ್ತರದಲ್ಲಿ ಪೂರ್ವಕ್ಕೆ ಸಾಗಿ ದಕ್ಷಿಣ ಅಮೆರಿಕದ ಬಳಿ ಕೆಳಗಿಳಿಯುತ್ತದೆ. ಹೀಗೆ ವಾಯುಮಂಡಲದಲ್ಲಿ ಒಂದು ಮಹಾಚಕ್ರವೇ ತಿರುಗುತ್ತಿರುತ್ತದೆ. ಇತ್ತ ಪೆರು ದೇಶದ ಕರಾವಳಿಯಲ್ಲಿ, ಸರಿದುಹೋದ ನೀರಿನ ಸ್ಥಾನಕ್ಕೆ ಆಳದ ತಣ್ಣೀರು ಏರಿ ಬರುತ್ತದೆ.

ಎರಡರಿಂದ ಏಳು ವರ್ಷಗಳಿಗೊಮ್ಮೆ ಈ ಮಾರುತಗಳು ಬಲಗುಂದುತ್ತವೆ. ಆಗ ಪಶ್ಚಿಮದ ಬೆಚ್ಚನೆಯ ನೀರು ಪೂರ್ವಕ್ಕೆ ಮರಳುತ್ತದೆ. ಪೂರ್ವದ ಕಡಲು ಬೆಚ್ಚಗಾದಷ್ಟೂ ಮಾರುತವು ಇನ್ನಷ್ಟು ದುರ್ಬಲವಾಗುತ್ತದೆ. ಮೋಡ ಕಟ್ಟುವ ತಾಣವು ಸಾಗರದ ನಡುಭಾಗಕ್ಕೆ ಸರಿಯುತ್ತದೆ. ಇಂಡೊನೇಷ್ಯದಲ್ಲಿಯೂ, ಹಲವು ವೇಳೆ ಭಾರತದ ಮೇಲೆಯೂ, ಗಾಳಿಯು ಮೇಲೇರುವ ಬದಲು ಕೆಳಗಿಳಿಯತೊಡಗುತ್ತದೆ. ಇಳಿಯುವ ಗಾಳಿಯಲ್ಲಿ ಮೋಡ ಬೆಳೆಯುವುದೆಂತು? ಕ್ರಿಸ್‌ಮಸ್ ವೇಳೆಗೆ ಕಾಣುತ್ತಿದ್ದ ಬಿಸಿನೀರಿಗೆ ಪೆರುವಿನ ಬೆಸ್ತರು ‘ಎಲ್ ನಿನ್ಯೊ’, ಎಂದರೆ ಬಾಲಯೇಸು, ಎಂಬ ಹೆಸರಿಟ್ಟಿದ್ದರು. ವಿಜ್ಞಾನಿಗಳು ಅದನ್ನೇ ಈ ಇಡೀ ವಿದ್ಯಮಾನಕ್ಕೆ ಬಳಸಿದರು. ಇದಕ್ಕೆ ವಿರುದ್ಧವಾದ ಸ್ಥಿತಿಯು ‘ಲಾ ನಿನ್ಯಾ’.

ಈ ನಂಟಿನ ಸುಳಿವು ದೊರೆತದ್ದು ಭಾರತದ ಮಳೆಯ ಚಿಂತೆಯಿಂದಲೇ. 1904ರಲ್ಲಿ ನಮ್ಮ ದೇಶದ ಹವಾಮಾನ ಇಲಾಖೆಯ ಮುಖ್ಯಸ್ಥರಾದ ಗಿಲ್ಬರ್ಟ್ ವಾಕರ್ ಎಂಬ ಗಣಿತಜ್ಞರು ಮುಂಗಾರನ್ನು ಮೊದಲೇ ಅರಿಯಲೆಂದು ಜಗತ್ತಿನ ಹವಾಮಾನದ ದಾಖಲೆಗಳನ್ನು ಹೋಲಿಸಿದರು. ಏತದ ಒಂದು ತುದಿ ಏರಿದಾಗ ಮತ್ತೊಂದು ಇಳಿಯುವಂತೆ, ಪೆಸಿಫಿಕ್‌ನ ಪೂರ್ವದಲ್ಲಿ ವಾಯುಭಾರವು ಹೆಚ್ಚಿದಾಗ ಹಿಂದೂ ಮಹಾಸಾಗರದ ಕಡೆ ಕುಗ್ಗುವುದನ್ನು ಅವರು ಕಂಡರು. ಅದಕ್ಕೂ ಕಡಲಿನ ಬಿಸಿಗೂ ಇರುವ ಸಂಬಂಧವನ್ನು 1969ರಲ್ಲಿ ಯಾಕೋಬ್ ಬ್ಯರ್ಕ್ನೆಸ್ ವಿವರಿಸಿದರು.

ಆದರೆ ಎಲ್ ನಿನ್ಯೊ ಬಂದಾಗಲೆಲ್ಲ ಬರ ಬರುವುದೆಂದು ತಿಳಿಯಲಾಗದು. 1997ರಲ್ಲಿ ಅದು ಅತಿ ಪ್ರಬಲವಾಗಿದ್ದರೂ ಭಾರತಕ್ಕೆ ವಾಡಿಕೆಯ ಮಳೆಯಾಯಿತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗವು ಬೆಚ್ಚಗಾಗಿ, ಪೂರ್ವ ಭಾಗವು ತಣ್ಣಗಾಗಿದ್ದುದು ಅದಕ್ಕೆ ನೆರವಾಯಿತೆಂದು ವಿಜ್ಞಾನಿಗಳು ಭಾವಿಸುತ್ತಾರೆ. 2002ರಲ್ಲಿ ಅಷ್ಟು ಪ್ರಬಲವಲ್ಲದ ಎಲ್ ನಿನ್ಯೊ ಇದ್ದಾಗ ಮುಂಗಾರು ಶೇಕಡಾ 19ರಷ್ಟು ಕಡಿಮೆಯಾಯಿತು.

2023ರ ಎಲ್ ನಿನ್ಯೊ ವರ್ಷದಲ್ಲಿ ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳನ್ನು ಬರಪೀಡಿತವೆಂದು ಘೋಷಿಸಲಾಯಿತು. ಬೆಳೆ ಒಣಗಿತು, ಕೆರೆಗಳು ಬತ್ತಿದವು. ಆದರೆ ಧಾತು ಈಶ್ವರದ ಸಾವುನೋವು ಮರುಕಳಿಸಲಿಲ್ಲ. ಮಳೆ ಬಾರದಿರುವುದು ಬರ. ಬಂದ ಬರಕ್ಕೆ ಜನರನ್ನು ಬಲಿಗೊಡುವುದು ಕ್ಷಾಮ. ಮೊದಲನೆಯದನ್ನು ತಡೆಯುವ ಶಕ್ತಿ ನಮಗಿಲ್ಲ. ಎಲ್ ನಿನ್ಯೊದ ಸೂಚನೆಯಾದರೋ ಇಂದು ತಿಂಗಳುಗಳ ಮೊದಲೇ ದೊರೆಯುತ್ತದೆ. ಆ ಅವಧಿಯಲ್ಲಿ ಕೆರೆಯ ಹೂಳೆತ್ತಿ, ಧಾನ್ಯ ಮೇವುಗಳನ್ನು ಕೂಡಿಟ್ಟು, ಕಡಿಮೆ ನೀರಿನ ಬೆಳೆಯನ್ನು ಆರಿಸಿಕೊಂಡರೆ ಎರಡನೆಯದನ್ನು ತಡೆಯಬಹುದು.