ಕರಿಬೇವಿನ ಕುಂಡ ಒಳಗೆ ಬರುವ ಮುನ್ನ

ನ್ಯೂಜೆರ್ಸಿ, ಮಿಶಿಗನ್ ಕಡೆಯ ಕನ್ನಡಿಗರಲ್ಲಿ ಹಿತ್ತಲಿನ ಕರಿಬೇವು, ತುಳಸಿ ಕುಂಡಗಳನ್ನು ಇಬ್ಬನಿ ಹೆಪ್ಪುಗಟ್ಟುವ ಸುದ್ದಿ ಬಂದ ಸಂಜೆ ಅವಸರದಲ್ಲಿ ಒಳಗೆ ಹೊತ್ತು ತರುವವರು ಬಹಳ. ವಾರ ಕಳೆಯುವುದರೊಳಗೆ ಕರಿಬೇವಿನ ಎಲೆಗಳೆಲ್ಲ ಉದುರುತ್ತವೆ. ತಪ್ಪು ಚಳಿಯದೊಂದೇ ಅಲ್ಲ, ಅವಸರದ್ದೂ ಹೌದು.

ಉಷ್ಣವಲಯದ ಗಿಡಗಳಿಗೆ ಪೆಟ್ಟು ಬೀಳಲು ನೀರು ಮಂಜುಗಡ್ಡೆ ಆಗಬೇಕಿಲ್ಲ. ರಾತ್ರಿಯ ತಾಪಮಾನ 10 ಡಿಗ್ರಿ ಸೆಲ್ಸಿಯಸ್, ಅಂದರೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿದರೆ ತುಳಸಿಯ ಜೀವಕೋಶಗಳ ಪೊರೆ ಬಿಗಿದು ಒಳಗಿನ ದ್ರವ ಸೋರುತ್ತದೆ, ಎಲೆ ಕಪ್ಪಾಗುತ್ತದೆ. ಕರಿಬೇವು ಇನ್ನೂ ಸ್ವಲ್ಪ ತಡೆದುಕೊಳ್ಳುತ್ತದೆ. ಆದರೂ ಅದರ ಬೆಳವಣಿಗೆ ಅಷ್ಟರಲ್ಲೇ ನಿಂತಿರುತ್ತದೆ.

ಚಳಿಗಿಂತ ದೊಡ್ಡ ಆಘಾತ ಬೆಳಕಿನದು. ಬೇಸಿಗೆಯ ನಡುಹಗಲಿನ ಬಿಸಿಲು ಸುಮಾರು 1,00,000 ಲಕ್ಸ್. ಕೋಣೆಯ ನಡುವೆ ಸಿಗುವುದು ಕೆಲವೇ ನೂರು ಲಕ್ಸ್. ನಮ್ಮ ಕಣ್ಣು ಹೊಂದಿಕೊಳ್ಳುವುದರಿಂದ ಆ ಅಂತರ ನಮಗೆ ತಿಳಿಯುವುದಿಲ್ಲ. ಗಿಡಕ್ಕೆ ತಿಳಿಯುತ್ತದೆ. ಬಿಸಿಲಿಗೆಂದು ಬೆಳೆದ ದಪ್ಪ ಎಲೆಗಳು ಮಬ್ಬು ಬೆಳಕಿನಲ್ಲಿ ತಯಾರಿಸುವ ಆಹಾರ ಅವುಗಳ ಸ್ವಂತ ಉಸಿರಾಟಕ್ಕೂ ಸಾಲದು. ಅದಕ್ಕೇ ಗಿಡ ಅವನ್ನು ಕಳಚುತ್ತದೆ. ಆದ್ದರಿಂದ ಸೆಪ್ಟೆಂಬರಿನಲ್ಲೇ ಕುಂಡವನ್ನು ಮೊದಲು ಮರದ ನೆರಳಿಗೆ, ಆಮೇಲೆ ಜಗಲಿಗೆ, ಎರಡು-ಮೂರು ವಾರದಲ್ಲಿ ದಕ್ಷಿಣದ ಕಿಟಕಿಯ ಪಕ್ಕಕ್ಕೆ ಸರಿಸುತ್ತ ಬರಬೇಕು.

ಒಳಗೆ ತರುವ ಮೊದಲು ಎಲೆಯನ್ನು ಮಗುಚಿ ನೋಡಿ. ನಡುನರದ ಗುಂಟ ಕಂದು ಬಣ್ಣದ ಪುಟ್ಟ ಉಬ್ಬುಗಳಿದ್ದು ಉಗುರಿಗೆ ಕಿತ್ತು ಬಂದರೆ ಅವು ಶಲ್ಕ ಕೀಟಗಳು. ಗೆಲ್ಲಿನ ಸಂದಿಯಲ್ಲಿ ಹತ್ತಿಯಂತೆ ಕಂಡರೆ ಹಿಟ್ಟು ತಿಗಣೆ. ಹೊರಗೆ ಇವನ್ನು ತಿನ್ನಲು ಗುಲಗಂಜಿ ಹುಳುಗಳಿದ್ದವು, ಮನೆಯೊಳಗೆ ಯಾರೂ ಇಲ್ಲ. ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಬೀಳುವಂತೆ ತೊಳೆದು, ಕೀಟನಾಶಕ ಸೋಪಿನ ದ್ರಾವಣ ಸಿಂಪಡಿಸಿ.

ಹೀಟರ್ ಇನ್ನೊಂದು ತೊಂದರೆ. ಸೊನ್ನೆ ಡಿಗ್ರಿಯಲ್ಲಿ ತೇವ ತುಂಬಿದ ಗಾಳಿಯನ್ನೇ 20 ಡಿಗ್ರಿಗೆ ಕಾಯಿಸಿದರೂ ಅದರ ಸಾಪೇಕ್ಷ ಆರ್ದ್ರತೆ ಶೇ. 30ಕ್ಕಿಂತ ಕೆಳಗಿಳಿಯುತ್ತದೆ. ಇಂಥ ಒಣಹವೆ ಜೇಡನುಸಿಗೆ ಬಲು ಇಷ್ಟ. ಹಾಗೆಂದು ಬುಡಕ್ಕೆ ನೀರು ಸುರಿಯಬೇಡಿ. ಬೆಳವಣಿಗೆ ನಿಂತ ಗಿಡ ಹೀರುವುದು ಕಡಿಮೆ, ಬೇರು ಕೊಳೆಯುತ್ತದೆ. ಮೇಲ್ಮಣ್ಣು ಬೆರಳಿಗೆ ಒಣಗಿದಂತೆ ಅನಿಸಿದಾಗ ಮಾತ್ರ ನೀರು ಕೊಡಿ. ಗೊಬ್ಬರ ವಸಂತಕ್ಕೆ ಇರಲಿ.

ಇಷ್ಟಾದರೂ ಜನವರಿಯಲ್ಲಿ ಕರಿಬೇವು ಬೋಳಾದರೆ ಕಿತ್ತೆಸೆಯಬೇಡಿ. ಕಾಂಡವನ್ನು ಉಗುರಿನಿಂದ ಕೆರೆದು ನೋಡಿ. ತೊಗಟೆಯ ಕೆಳಗೆ ಹಸಿರಿದ್ದರೆ ಗಿಡಕ್ಕೆ ಜೀವವಿದೆ, ದಯವಿಟ್ಟು ಏಪ್ರಿಲ್‌ವರೆಗೆ ಕಾಯಿರಿ.