ವೃತ್ತಿಪರ ಬರವಣಿಗೆ (ಪದವಿಯ ಮೈನರ್ ವಿಷಯ)

ವೃತ್ತಿಪರ ಬರವಣಿಗೆ ಎಂಬುದು ಕಚೇರಿ, ಉದ್ದಿಮೆ, ಮಾಧ್ಯಮ, ಸ್ಥಳೀಯ ಆಡಳಿತ ಮುಂತಾದ ಕಾರ್ಯಕ್ಷೇತ್ರಗಳಲ್ಲಿ ಗೊತ್ತಾದ ಓದುಗನಿಗಾಗಿ, ಗೊತ್ತಾದ ಉದ್ದೇಶಕ್ಕಾಗಿ ಸಿದ್ಧಪಡಿಸುವ ಬರವಣಿಗೆಯಾಗಿದೆ. ವರದಿ, ಪ್ರಕಟಣೆ, ಮನವಿ, ಆಕ್ಷೇಪಣಾ ಪತ್ರ, ನಡಾವಳಿ, ಬಳಕೆಯ ಕೈಪಿಡಿ, ಸುದ್ದಿ, ಜಾಹೀರಾತು ಮತ್ತು ಅನುವಾದ ಇದರ ಮುಖ್ಯ ಪ್ರಕಾರಗಳು. ವಿಶ್ವವಿದ್ಯಾಲಯಗಳಲ್ಲಿ ಇದನ್ನು ಸ್ವತಂತ್ರ ಪದವಿಯಾಗಿಯೂ, ಬೇರೊಂದು ಮುಖ್ಯ ವಿಷಯದ ಜೊತೆಗೆ ಓದುವ ಮೈನರ್ ವಿಷಯವಾಗಿಯೂ ಕಲಿಸಲಾಗುತ್ತದೆ. ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಇದೇ ಹೆಸರಿನ ಮೈನರ್ ಇದೆ. ಕರ್ನಾಟಕದಲ್ಲಿ ಇದರ ಪಾಠಾಂಶಗಳು ಸಾಮಾನ್ಯವಾಗಿ ಪತ್ರಿಕೋದ್ಯಮ, ಐಚ್ಛಿಕ ಕನ್ನಡ, ಐಚ್ಛಿಕ ಇಂಗ್ಲಿಷ್ ಮತ್ತು ಭಾಷಾಂತರ ಪತ್ರಿಕೆಗಳಲ್ಲಿ ಹಂಚಿಹೋಗಿವೆ. ಆದ್ದರಿಂದ ಆಸಕ್ತ ವಿದ್ಯಾರ್ಥಿಯು ವಿಷಯಗಳ ಆಯ್ಕೆಯ ಮೂಲಕ ತಾನೇ ಅವನ್ನು ಒಂದುಗೂಡಿಸಿಕೊಳ್ಳಬೇಕಾಗುತ್ತದೆ.

ಹಿನ್ನೆಲೆ

ಬರವಣಿಗೆಯನ್ನು ಒಂದು ವೃತ್ತಿಯ ದೃಷ್ಟಿಯಿಂದ ಪದವಿ ತರಗತಿಯಲ್ಲಿ ಕಲಿಸುವ ಕ್ರಮ ಕರ್ನಾಟಕಕ್ಕೆ ಹೊಸದಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1951ರಲ್ಲಿ ನಾಡಿಗ ಕೃಷ್ಣಮೂರ್ತಿಯವರ ನೇತೃತ್ವದಲ್ಲಿ ಪತ್ರಿಕೋದ್ಯಮವು ಬಿ.ಎ. ಪದವಿಯ ಐಚ್ಛಿಕ ವಿಷಯವಾಗಿ ಆರಂಭವಾಯಿತು. ಇತಿಹಾಸ, ಅರ್ಥಶಾಸ್ತ್ರ ಅಥವಾ ಕನ್ನಡದೊಂದಿಗೆ ಪತ್ರಿಕೋದ್ಯಮವನ್ನು ಓದುವ ಪದ್ಧತಿ ಮುಂದೆ ರಾಜ್ಯದ ಇತರ ಕಾಲೇಜುಗಳಿಗೂ ಹರಡಿತು. 1963ರ ರಾಜಭಾಷಾ ಕಾಯ್ದೆಯು ಕನ್ನಡವನ್ನು ರಾಜ್ಯದ ಆಡಳಿತ ಭಾಷೆಯೆಂದು ಅಂಗೀಕರಿಸಿದ ಬಳಿಕ ಟಿಪ್ಪಣಿ, ಸುತ್ತೋಲೆ, ಆದೇಶ ಮುಂತಾದ ಆಡಳಿತ ಕನ್ನಡದ ಬರವಣಿಗೆಗೂ ತರಬೇತಿಯ ಅಗತ್ಯ ಉಂಟಾಯಿತು. ವಿಶ್ವವಿದ್ಯಾಲಯ ಅನುದಾನ ಆಯೋಗವು 1994-95ರಲ್ಲಿ ಪದವಿ ಹಂತಕ್ಕೆ ವೃತ್ತಿಶಿಕ್ಷಣದ ವಿಷಯಗಳನ್ನು ಪರಿಚಯಿಸಿದಾಗ ಅವುಗಳಲ್ಲಿ ಫಂಕ್ಷನಲ್ ಇಂಗ್ಲಿಷ್ ಕೂಡ ಒಂದಾಗಿತ್ತು.

ಮೈನರ್ ವ್ಯವಸ್ಥೆ

ಐಚ್ಛಿಕ ವಿಷಯಗಳ ಹಳೆಯ ಪದ್ಧತಿಯಲ್ಲಿ ಮೂರು ವಿಷಯಗಳಿಗೂ ಸಮಾನ ಸ್ಥಾನವಿತ್ತು. ರಾಷ್ಟ್ರೀಯ ಶಿಕ್ಷಣ ನೀತಿ 2020ರ ಅನ್ವಯ ಕರ್ನಾಟಕದಲ್ಲಿ 2021-22ರಿಂದ ಜಾರಿಗೆ ಬಂದ ಪಠ್ಯಕ್ರಮದಲ್ಲಿ ವಿದ್ಯಾರ್ಥಿಯು ಮೊದಲ ಎರಡು ವರ್ಷ ಎರಡು ವಿಷಯಗಳನ್ನು ಓದಿ, ಮೂರನೆಯ ವರ್ಷದಲ್ಲಿ ಒಂದನ್ನು ಮೇಜರ್, ಇನ್ನೊಂದನ್ನು ಮೈನರ್ ಎಂದು ಆರಿಸಿಕೊಳ್ಳಲು ಅವಕಾಶ ದೊರೆಯಿತು. ಆಯೋಗವು 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಚೌಕಟ್ಟಿನ ಪ್ರಕಾರ 120 ಕ್ರೆಡಿಟ್‌ಗಳ ಮೂರು ವರ್ಷದ ಪದವಿಯಲ್ಲಿ ಮೈನರ್ ವಿಷಯಕ್ಕೆ ಕನಿಷ್ಠ 24 ಕ್ರೆಡಿಟ್ ಮೀಸಲಿದೆ. 15 ಗಂಟೆಗಳ ಬೋಧನೆಯನ್ನು ಒಂದು ಕ್ರೆಡಿಟ್ ಎಂದು ಎಣಿಸಿದರೆ ಇದು ಸುಮಾರು 360 ಗಂಟೆಗಳ ಕಲಿಕೆ.

ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ನಂತರ, 2024-25ನೇ ಸಾಲಿನಿಂದ ಕರ್ನಾಟಕವು ನಾಲ್ಕು ವರ್ಷದ ಆನರ್ಸ್ ಪದವಿಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ಹೀಗೆ ಅಲ್ಪಾವಧಿಯಲ್ಲಿ ನಿಯಮಗಳು ಎರಡು ಬಾರಿ ಬದಲಾದ ಕಾರಣ, ಅಕ್ಕಪಕ್ಕದ ಸಾಲಿನ ವಿದ್ಯಾರ್ಥಿಗಳ ಅಂಕಪಟ್ಟಿಗಳಲ್ಲೂ ಒಂದೇ ವಿಷಯದ ಸ್ಥಾನ ಬೇರೆ ಬೇರೆಯಾಗಿರಬಹುದು. ಪ್ರವೇಶ ಪಡೆಯುವವರು ತಮ್ಮ ಸಾಲಿಗೆ ಅನ್ವಯಿಸುವ ಪಠ್ಯಕ್ರಮವನ್ನೇ ನೋಡುವುದು ಅವಶ್ಯ.

ಕಲಿಕೆಯ ಅಂಶಗಳು

ವೃತ್ತಿಪರ ಬರವಣಿಗೆಯ ಕಲಿಕೆಯಲ್ಲಿ ಮೂರು ಅಂಶಗಳು ಪ್ರಧಾನವಾಗಿವೆ: ಓದುಗನನ್ನು ಗುರುತಿಸುವುದು, ವಿಷಯವನ್ನು ಅವನಿಗೆ ಬೇಕಾದ ಅನುಕ್ರಮದಲ್ಲಿ ಜೋಡಿಸುವುದು, ಮತ್ತು ಕರಡನ್ನು ತಿದ್ದಿ ಮತ್ತೆ ಬರೆಯುವುದು. ಪರೀಕ್ಷೆಯ ಪ್ರಬಂಧವನ್ನು ವಿಷಯ ಬಲ್ಲ ಅಧ್ಯಾಪಕರು ಓದುತ್ತಾರೆ. ವೃತ್ತಿಪರ ಬರಹವನ್ನು ವಿಷಯ ತಿಳಿಯದ, ಬಿಡುವಿಲ್ಲದ ವ್ಯಕ್ತಿ ಓದುತ್ತಾನೆ. ಎರಡಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ.

ಉದಾಹರಣೆಗೆ, ಗ್ರಾಮದ ಸೂಚನಾ ಫಲಕಕ್ಕೆ ಒಂದು ಪ್ರಕಟಣೆಯನ್ನು ಹೀಗೆ ಬರೆಯಬಹುದು: "ಸದರಿ ಗ್ರಾಮದ ನಿವಾಸಿಗಳಿಗೆ ಈ ಮೂಲಕ ತಿಳಿಯಪಡಿಸುವುದೇನೆಂದರೆ, ದುರಸ್ತಿ ಕಾಮಗಾರಿ ಕೈಗೊಳ್ಳಲಾಗುತ್ತಿರುವ ಹಿನ್ನೆಲೆಯಲ್ಲಿ ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗುವ ಸಂಭವವಿರುತ್ತದೆ." ಇದನ್ನೇ ಹೀಗೂ ಬರೆಯಬಹುದು: "ಪೈಪು ದುರಸ್ತಿಯ ಕಾರಣ ಬುಧವಾರ ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ನೀರು ಬರುವುದಿಲ್ಲ. ಮಂಗಳವಾರವೇ ನೀರು ತುಂಬಿಟ್ಟುಕೊಳ್ಳಿ." ಮೊದಲನೆಯದರಲ್ಲಿ ವ್ಯಾಕರಣದೋಷವಿಲ್ಲ, ಆದರೆ ಯಾವ ದಿನ, ಎಷ್ಟು ಹೊತ್ತು, ಏನು ಮಾಡಬೇಕು ಎಂಬ ಮೂರು ಪ್ರಶ್ನೆಗಳಿಗೂ ಉತ್ತರವಿಲ್ಲ.

ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲಿ

ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಮತ್ತು ನೆಲಮಂಗಲ ತಾಲ್ಲೂಕುಗಳನ್ನೊಳಗೊಂಡ ಈ ಜಿಲ್ಲೆಯ ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾಲಯವನ್ನು 2017ರಲ್ಲಿ ವಿಭಜಿಸಿದ ಮೇಲೆ, ಜಿಲ್ಲೆಯ ಕಾಲೇಜುಗಳು ಆ ವಿಶ್ವವಿದ್ಯಾಲಯ ಮತ್ತು ಕೋಲಾರದಲ್ಲಿ ಕೇಂದ್ರ ಹೊಂದಿರುವ ಬೆಂಗಳೂರು ಉತ್ತರ ವಿಶ್ವವಿದ್ಯಾಲಯಗಳ ನಡುವೆ ಹಂಚಿಕೆಯಾಗಿವೆ. ಆದ್ದರಿಂದ ನೆರೆಯ ತಾಲ್ಲೂಕಿನ ಪಠ್ಯಕ್ರಮ ತಮ್ಮದೇ ಆಗಿರುತ್ತದೆಂದು ವಿದ್ಯಾರ್ಥಿಗಳು ಭಾವಿಸಬಾರದು.

ಜಿಲ್ಲೆಯಲ್ಲಿ ಈ ಕೌಶಲಕ್ಕೆ ಎರಡು ಬಗೆಯ ಬೇಡಿಕೆಯಿದೆ. ಮೊದಲನೆಯದು ಉದ್ಯೋಗದ್ದು. ದೊಡ್ಡಬಳ್ಳಾಪುರದ ಜವಳಿ ಉದ್ದಿಮೆ, ನೆಲಮಂಗಲ ತಾಲ್ಲೂಕಿನ ದಾಬಸ್‌ಪೇಟೆ ಕೈಗಾರಿಕಾ ಪ್ರದೇಶ, ಹೊಸಕೋಟೆಯ ಕಾರ್ಖಾನೆಗಳು ಹಾಗೂ 2008ರಲ್ಲಿ ದೇವನಹಳ್ಳಿಯ ಬಳಿ ಆರಂಭವಾದ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಸುತ್ತಲಿನ ಸಂಸ್ಥೆಗಳಲ್ಲಿ ಸುರಕ್ಷತಾ ಸೂಚನೆ, ದಾಸ್ತಾನು ವರದಿ ಮತ್ತು ದ್ವಿಭಾಷಾ ಪತ್ರವ್ಯವಹಾರ ದಿನನಿತ್ಯದ ಕೆಲಸಗಳಾಗಿವೆ.

ಎರಡನೆಯದು ನಾಗರಿಕ ಹಕ್ಕಿನದು. ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆ, 1966ರ 28ನೆಯ ಪ್ರಕರಣದಂತೆ ಭೂಸ್ವಾಧೀನದ ನೋಟಿಸು ತಲುಪಿದ 30 ದಿನಗಳೊಳಗೆ ಭೂಮಾಲೀಕರು ಆಕ್ಷೇಪಣೆ ಸಲ್ಲಿಸಬಹುದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಯ ಸ್ವಾಧೀನವನ್ನು ವಿರೋಧಿಸಿ ರೈತರು 2022ರಿಂದ ಹೋರಾಟ ನಡೆಸಿದರು; 2025ರ ಜುಲೈ 15ರಂದು ಸರ್ಕಾರವು ಆ ಪ್ರಸ್ತಾವವನ್ನು ಕೈಬಿಡುವುದಾಗಿ ಪ್ರಕಟಿಸಿತು. ಹೋರಾಟದ ಬಲ ಜನರ ಒಗ್ಗಟ್ಟಿನಲ್ಲಿದ್ದರೂ, ಇಂತಹ ಪ್ರಕ್ರಿಯೆಗಳಲ್ಲಿ ಸರ್ವೆ ನಂಬರು, ದಿನಾಂಕ ಮತ್ತು ಕಾರಣಗಳನ್ನು ತಪ್ಪಿಲ್ಲದೆ ನಮೂದಿಸುವ ಲಿಖಿತ ಆಕ್ಷೇಪಣೆಗೆ ಕಾನೂನಿನ ಸ್ಥಾನವಿದೆ. ಮನೆಯಲ್ಲಿ ಪದವಿಗೆ ಕಾಲಿಟ್ಟ ಮೊದಲ ತಲೆಮಾರಿನ ವಿದ್ಯಾರ್ಥಿಯೇ ಅನೇಕ ಕುಟುಂಬಗಳಲ್ಲಿ ಅರ್ಜಿ ಬರೆಯುವವನೂ ನೋಟಿಸು ಓದಿ ಹೇಳುವವನೂ ಆಗಿರುತ್ತಾನೆ.

ಪ್ರಯೋಜನ ಮತ್ತು ಮಿತಿ

ಮೈನರ್ ವಿಷಯವೊಂದೇ ಉದ್ಯೋಗವನ್ನು ತಂದುಕೊಡುವುದಿಲ್ಲ. ಮೇಜರ್ ವಿಷಯದ ಜ್ಞಾನಕ್ಕೆ ಅದು ಪೂರಕ. ಅರ್ಥಶಾಸ್ತ್ರ ಓದಿದವರಿಗೆ ವರದಿ, ವಿಜ್ಞಾನ ಓದಿದವರಿಗೆ ಕೈಪಿಡಿ, ಸಾಹಿತ್ಯ ಓದಿದವರಿಗೆ ಸಂಪಾದನೆ ಮತ್ತು ಅನುವಾದ ಸಹಜವಾಗಿ ಒಗ್ಗುತ್ತವೆ. ತರಗತಿಯಲ್ಲಿ ವಿದ್ಯಾರ್ಥಿಗಳ ಸಂಖ್ಯೆ ಹೆಚ್ಚಿದ್ದರೆ ಪ್ರತಿಯೊಬ್ಬರ ಕರಡನ್ನು ತಿದ್ದಲು ಅಧ್ಯಾಪಕರಿಗೆ ಸಮಯ ಸಾಲುವುದಿಲ್ಲ. ಆಗ ವಿದ್ಯಾರ್ಥಿಗಳು ಪರಸ್ಪರರ ಬರಹಗಳನ್ನು ಓದಿ ತಿದ್ದುವ ಕ್ರಮ ಉಪಯುಕ್ತ. ಕನ್ನಡ ಮಾಧ್ಯಮದಲ್ಲಿ ಓದಿದವರು ಮೊದಲು ಕನ್ನಡದಲ್ಲಿ ಸ್ಪಷ್ಟವಾಗಿ ಬರೆಯುವುದನ್ನು ಕಲಿತರೆ, ಅದೇ ವಿಧಾನವನ್ನು ಇಂಗ್ಲಿಷಿಗೂ ಅನ್ವಯಿಸಬಹುದು. ಓದುಗನನ್ನು ನೆನಪಿನಲ್ಲಿಟ್ಟುಕೊಂಡು ಬರೆಯುವ ನಿಯಮ ಎರಡೂ ಭಾಷೆಗಳಿಗೆ ಸಮಾನವಾಗಿದೆ.