ಬಾಲಮಂದಿರದಿಂದ ಹೊರಬಂದವರಿಗೆ ಉದ್ಯೋಗ: ವರ್ತಕರು ತಿಳಿದಿರಬೇಕಾದ ಸಂಗತಿಗಳು

ಕೊಟ್ಟೂರಿನ ದಲ್ಲಾಳಿ ಅಂಗಡಿಗಾಗಲಿ, ಹರಪನಹಳ್ಳಿಯ ಹಾರ್ಡ್‌ವೇರ್ ಮಳಿಗೆಗಾಗಲಿ ಹೊಸ ಹುಡುಗನೊಬ್ಬ ಬೇಕಾದಾಗ ಮಾಲೀಕರು ಜಾಹೀರಾತು ನೀಡುವುದು ವಿರಳ. ಪರಿಚಯದವರ ಕಿವಿಗೆ ಹಾಕುತ್ತಾರೆ. ನಾಲ್ಕು ದಿನಗಳಲ್ಲಿ ಒಬ್ಬ ತಂದೆ ತನ್ನ ಮಗನನ್ನು ಕರೆತರುತ್ತಾನೆ. ಆ ತಂದೆಯ ಊರು, ಮನೆತನ, ವ್ಯವಹಾರ ಮಾಲೀಕರಿಗೆ ಗೊತ್ತಿರುತ್ತದೆ. ಕಾಗದದ ಮೇಲೆ ಬರೆಯದಿದ್ದರೂ ಅದೇ ಜಾಮೀನು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿಗಳಲ್ಲಿಯೂ ವ್ಯಾಪಾರ ನಡೆದುಬಂದಿರುವುದು ಈ ನಂಬಿಕೆಯ ಮೇಲೆಯೇ. ಇದರಲ್ಲಿ ತಪ್ಪು ಹುಡುಕಬೇಕಾಗಿಲ್ಲ. ಆದರೆ ಕರೆತರಲು ತಂದೆಯೇ ಇಲ್ಲದ ಒಂದು ವರ್ಗದ ಯುವಜನರು ಈ ಪದ್ಧತಿಯಿಂದ ತಾವಾಗಿಯೇ ಹೊರಗುಳಿಯುತ್ತಾರೆ. ಬಾಲಮಂದಿರ, ಸ್ವಯಂಸೇವಾ ಸಂಸ್ಥೆಗಳ ಮಕ್ಕಳ ಮನೆ ಅಥವಾ ಪೋಷಕ ಕುಟುಂಬಗಳಲ್ಲಿ ಬೆಳೆದು, 18 ವರ್ಷ ತುಂಬಿದೊಡನೆ ಅಲ್ಲಿಂದ ಹೊರಡಬೇಕಾದವರು ಇವರು.

ಇವರೆಲ್ಲರೂ ಅನಾಥರಲ್ಲ. ತಾಯಿ ಇದ್ದೂ ಸಾಕಲಾಗದೆ ಬಿಟ್ಟವರು, ದುಡಿಮೆಯಿಂದ ಬಿಡಿಸಿ ತಂದವರು, ಬಾಲ್ಯವಿವಾಹದಿಂದ ಪಾರಾದ ಹೆಣ್ಣುಮಕ್ಕಳು, ಗುಳೆ ಹೋದ ಕುಟುಂಬಗಳಿಂದ ತಪ್ಪಿಸಿಕೊಂಡವರು ಹೀಗೆ ಹಲವು ಬಗೆಯ ಹಿನ್ನೆಲೆಯವರು ಇವರಲ್ಲಿದ್ದಾರೆ. 2020-21ರ ಕೋವಿಡ್ ಕಾಲದಲ್ಲಿ ಹೆತ್ತವರನ್ನು ಕಳೆದುಕೊಂಡ ಮಕ್ಕಳಲ್ಲಿ ಹಿರಿಯರು ಈಗಾಗಲೇ ಈ ವಯಸ್ಸನ್ನು ಮುಟ್ಟಿದ್ದಾರೆ.

ಕಾನೂನು ಏನು ಹೇಳುತ್ತದೆ

2015ರ ಬಾಲನ್ಯಾಯ (ಮಕ್ಕಳ ಪಾಲನೆ ಮತ್ತು ರಕ್ಷಣೆ) ಕಾಯ್ದೆಯ 46ನೇ ಕಲಮಿನ ಪ್ರಕಾರ, ಸಂಸ್ಥೆಯನ್ನು ಬಿಡುವವರಿಗೆ ಹಣಕಾಸಿನ ನೆರವು ನೀಡಲು ಅವಕಾಶವಿದೆ. ಇದಕ್ಕೆ ಅನುಪಾಲನೆ ಎಂದು ಹೆಸರು. ಸಾಮಾನ್ಯವಾಗಿ 21 ವರ್ಷದವರೆಗೆ, ವಿಶೇಷ ಸಂದರ್ಭಗಳಲ್ಲಿ 23 ವರ್ಷದವರೆಗೆ ಇದು ದೊರೆಯಬಹುದು. 2016ರ ಮಾದರಿ ನಿಯಮಗಳು ಆರರಿಂದ ಎಂಟು ಮಂದಿಗೆ ತಾತ್ಕಾಲಿಕ ಸಾಮೂಹಿಕ ವಸತಿ, ತರಬೇತಿ ಅವಧಿಯಲ್ಲಿ ಶಿಷ್ಯವೇತನ, ಆಪ್ತಸಮಾಲೋಚಕರ ಸಹಾಯ, ಸ್ವಂತ ಉದ್ಯೋಗಕ್ಕೆ ಸಾಲದ ವ್ಯವಸ್ಥೆ ಇವುಗಳನ್ನು ಹೆಸರಿಸುತ್ತವೆ. ವಾಣಿಜ್ಯ ಸಂಸ್ಥೆಗಳಲ್ಲಿ ಕೆಲಸ ಕೊಡಿಸುವುದೂ ಆ ಪಟ್ಟಿಯಲ್ಲಿದೆ ಎಂಬುದು ವರ್ತಕರ ಗಮನಕ್ಕೆ ಬರಬೇಕಾದ ಅಂಶ. 2022ರ ಮಿಷನ್ ವಾತ್ಸಲ್ಯ ಮಾರ್ಗಸೂಚಿಯು ಅನುಪಾಲನೆಗೆ ತಿಂಗಳಿಗೆ 4,000 ರೂಪಾಯಿ ನಿಗದಿಪಡಿಸಿದೆ. ಅದಕ್ಕೆ ಹಿಂದಿನ ಯೋಜನೆಯಲ್ಲಿ ಈ ಮೊತ್ತ 2,000 ರೂಪಾಯಿ ಇತ್ತು.

ನಾಲ್ಕು ಸಾವಿರದಲ್ಲಿ ಕೊಠಡಿ ಬಾಡಿಗೆ, ಊಟ, ಬಟ್ಟೆ, ಬಸ್ ಖರ್ಚು ಎಲ್ಲವೂ ಸಾಗಬೇಕು ಎಂದರೆ ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಒಪ್ಪಲಾರ. ಹಾಗಾಗಿ ಹುಡುಗ ಸಿಕ್ಕಿದ ಮೊದಲ ಕೆಲಸಕ್ಕೆ ಸೇರುತ್ತಾನೆ. ಆ ಕೆಲಸ ಮೂರು ತಿಂಗಳು ನಿಲ್ಲುವುದೋ ಇಲ್ಲವೋ ಎಂಬುದರ ಮೇಲೆ ಮುಂದಿನದು ನಿಂತಿದೆ. ಕೆಲಸ ತಪ್ಪಿದಾಗ ಕೌಶಲ್ಯದ ಕೊರತೆಯತ್ತ ಬೊಟ್ಟು ಮಾಡುವುದು ವಾಡಿಕೆ. ಆದರೆ ಬಹಳಷ್ಟು ಸಂದರ್ಭಗಳಲ್ಲಿ ಕೊರತೆ ಬೀಳುವುದು, ಮನೆಯೊಂದು ಸದ್ದಿಲ್ಲದೆ ಒದಗಿಸುವ ವಸ್ತುಗಳು: ಮಲಗಲು ಜಾಗ, ದಾಖಲೆಗಳ ಕಡತ, ಮೊದಲ ಪಗಾರ ಕೈಸೇರುವವರೆಗಿನ ಊಟ.

ದಾಖಲೆಗಳ ತೊಡಕು

ಈ ತಾಲ್ಲೂಕುಗಳಲ್ಲಿ ದಾಖಲೆಯ ಸಮಸ್ಯೆಗೆ ಒಂದು ಸ್ಥಳೀಯ ಕಾರಣವೂ ಸೇರಿಕೊಂಡಿದೆ. ಹರಪನಹಳ್ಳಿಯು 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ವಿಜಯನಗರ ಜಿಲ್ಲೆಯ ಭಾಗವಾಯಿತು. ಉಳಿದ ನಾಲ್ಕು ತಾಲ್ಲೂಕುಗಳು 2021ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಹತ್ತು ವರ್ಷಗಳ ಹಿಂದೆ ಹರಪನಹಳ್ಳಿಯಿಂದ ಬಾಲಮಂದಿರ ಸೇರಿದ ಮಗುವಿನ ಕಡತ ದಾವಣಗೆರೆಯಲ್ಲಿರಬಹುದು, ಕೂಡ್ಲಿಗಿಯ ಮಗುವಿನದು ಬಳ್ಳಾರಿಯಲ್ಲಿರಬಹುದು. ಆತ ಕೆಲಸ ಕೇಳಿಕೊಂಡು ಬರುವುದಾದರೋ ವಿಜಯನಗರ ಜಿಲ್ಲೆಯ ಅಂಗಡಿಗೆ. ಆಧಾರ್‌ನಲ್ಲಿ ಬಾಲಮಂದಿರದ ವಿಳಾಸ, ಶಾಲಾ ದಾಖಲೆಯಲ್ಲಿ ಬೇರೊಂದು ಹೆಸರಿನ ಕಾಗುಣಿತ, ಅಪ್ರಾಪ್ತನಾಗಿದ್ದಾಗ ತೆರೆದ ಬ್ಯಾಂಕ್ ಖಾತೆಗೆ ಹೊಸ ಸಹಿ ಮತ್ತು ದಾಖಲೆಗಳ ಬೇಡಿಕೆ. ಇವು ಬಿಡಿಬಿಡಿಯಾಗಿ ಸಣ್ಣವು. ಒಟ್ಟಾದರೆ ಎರಡು ತಿಂಗಳ ಸಂಬಳವನ್ನೇ ತಡೆಯುತ್ತವೆ. ಮಾಲೀಕರ ಗುಮಾಸ್ತರು ಅರ್ಧ ದಿನ ಬ್ಯಾಂಕಿಗೆ ಜೊತೆಯಲ್ಲಿ ಹೋಗಿಬಂದರೆ, ಹುಡುಗನೊಬ್ಬನೇ ವಾರಗಟ್ಟಲೆ ಅಲೆದರೂ ಆಗದ ಕೆಲಸ ಆಗುತ್ತದೆ.

ಅರ್ಜಿಯಲ್ಲಿ ತಂದೆಯ ಹೆಸರಿನ ಕಾಲಂ ಇನ್ನೊಂದು ಮುಳ್ಳು. ದೇವದಾಸಿ ಪದ್ಧತಿಯನ್ನು 1982ರ ಕಾಯ್ದೆ ನಿಷೇಧಿಸಿದ್ದರೂ ಅದರ ಪರಿಣಾಮವನ್ನು ಈ ಭಾಗದ ತಾಯಂದಿರೂ ಮಕ್ಕಳೂ ಇಂದಿಗೂ ಹೊರುತ್ತಿದ್ದಾರೆ. 2025ರಲ್ಲಿ ರಾಜ್ಯ ವಿಧಾನಮಂಡಲ ಅಂಗೀಕರಿಸಿದ ಹೊಸ ದೇವದಾಸಿ ಮಸೂದೆಯು, ಅಂತಹ ತಾಯಂದಿರ ಮಕ್ಕಳಿಂದ ದಾಖಲೆಗಳಲ್ಲಿ ತಂದೆಯ ಹೆಸರನ್ನು ಒತ್ತಾಯಿಸದಿರುವ ದಾರಿಯನ್ನು ಹಿಡಿದಿದೆ. ಅಂಗಡಿಯ ಹಾಜರಿ ಪುಸ್ತಕಕ್ಕೆ ಆ ಕಾಲಂ ಅಗತ್ಯವೇ ಇಲ್ಲ. ತಾಯಿಯ ಹೆಸರು ಅಥವಾ ಸಂಸ್ಥೆಯ ಹೆಸರು ಸಾಕು.

ಹಿಂದಿನ ಪ್ರಕರಣಗಳ ಬಗ್ಗೆ ಮಾಲೀಕರಿಗೆ ಆತಂಕವಿರುವುದು ಸಹಜ. ಬಾಲನ್ಯಾಯ ಕಾಯ್ದೆಯ 74ನೇ ಕಲಮು ಮಕ್ಕಳ ಗುರುತು ಬಹಿರಂಗಪಡಿಸುವುದನ್ನು ನಿಷೇಧಿಸಿದೆ. ಉಲ್ಲಂಘನೆಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ಪ್ರಕರಣ ಮುಗಿದಿದ್ದರೆ ನಡತೆ ಪ್ರಮಾಣಪತ್ರಕ್ಕಾಗಿಯೂ ಪೊಲೀಸರು ಆ ದಾಖಲೆ ನೀಡುವಂತಿಲ್ಲ. ಘೋರ ಅಪರಾಧಗಳಲ್ಲಿ ವಯಸ್ಕರಂತೆ ವಿಚಾರಣೆಗೊಳಗಾದವರನ್ನು ಬಿಟ್ಟರೆ, ಬಾಲ್ಯದ ತಪ್ಪು ಉದ್ಯೋಗಕ್ಕೆ ಅನರ್ಹತೆಯಾಗದು. ಬಾಲಮಂದಿರದಲ್ಲಿರುವವರೆಲ್ಲ ತಪ್ಪು ಮಾಡಿ ಬಂದವರೆಂಬ ತಿಳಿವಳಿಕೆಯಂತೂ ಸರಿಯಲ್ಲ. ಅಂಥವರಿಗೆ ಬೇರೆಯೇ ವೀಕ್ಷಣಾಲಯಗಳಿವೆ. ಸಂಘ-ಸಂಸ್ಥೆಗಳು ಸಮಾರಂಭ ಮಾಡಿ, ಸಹಾಯ ಪಡೆದ ಮಕ್ಕಳ ಭಾವಚಿತ್ರವನ್ನು ಪತ್ರಿಕೆಗೆ ಕಳುಹಿಸುವ ರೂಢಿಯನ್ನೂ ಈ ದೃಷ್ಟಿಯಿಂದ ಕೈಬಿಡುವುದು ಕ್ಷೇಮ.

ಯಾವ ಕೆಲಸ, ಯಾವ ಲೆಕ್ಕ

ಮೆಕ್ಕೆಜೋಳ, ಶೇಂಗಾ, ಈರುಳ್ಳಿ ಆಧರಿಸಿದ ಈ ಭಾಗದ ವಹಿವಾಟು ಹಂಗಾಮಿನದು. ಸುಗ್ಗಿಯಲ್ಲಿ ಎಷ್ಟು ಕೈಗಳಿದ್ದರೂ ಸಾಲದು. ಬೇಸಿಗೆಯಲ್ಲಿ ಇರುವ ಕೈಗಳಿಗೂ ಕೆಲಸವಿರದು. ಮನೆಯುಳ್ಳ ಹುಡುಗ ಆಗ ಮನೆಗೆ ಹೋಗುತ್ತಾನೆ. ಮನೆಯಿಲ್ಲದವನು ಬೆಂಗಳೂರಿನ ಬಸ್ಸು ಹತ್ತುತ್ತಾನೆ. ಆದುದರಿಂದ ಇವರನ್ನು ಮಂಡಿಯ ಹಂಗಾಮಿ ಕೆಲಸಕ್ಕಿಂತ ವರ್ಷವಿಡೀ ನಡೆಯುವ ಕಿರಾಣಿ, ಔಷಧಿ, ವಿದ್ಯುತ್ ಉಪಕರಣ, ವಾಹನ ದುರಸ್ತಿ, ವೆಲ್ಡಿಂಗ್, ಮುದ್ರಣ ಮುಂತಾದ ಕಡೆ ಸೇರಿಸಿಕೊಳ್ಳುವುದು ಮೇಲು. ಹಂಗಾಮಿ ಮಾಲೀಕರಿಬ್ಬರು ಮಾತನಾಡಿಕೊಂಡು ಒಬ್ಬನನ್ನೇ ಆರಾರು ತಿಂಗಳು ಹಂಚಿಕೊಳ್ಳುವುದೂ ಅಸಾಧ್ಯವೇನಲ್ಲ.

ಸಣ್ಣ ತಯಾರಕರಿಗೆ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ಇದೆ. 2019ರ ತಿದ್ದುಪಡಿಯಂತೆ 30 ಅಥವಾ ಹೆಚ್ಚು ಮಂದಿ ಇರುವ ಘಟಕಗಳಿಗೆ ಇದು ಕಡ್ಡಾಯ. 4ರಿಂದ 29 ಮಂದಿ ಇರುವಲ್ಲಿ ಐಚ್ಛಿಕ. ಆ ವರ್ಷ ಹತ್ತನೇ ತರಗತಿ ಮುಗಿಸಿದವರಿಗೆ ಕನಿಷ್ಠ ಶಿಷ್ಯವೇತನ 6,000 ರೂಪಾಯಿ ಎಂದು ನಿಗದಿಯಾಯಿತು. 2016ರ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಉತ್ತೇಜನ ಯೋಜನೆಯಲ್ಲಿ ಶೇ 25ರಷ್ಟು, ಗರಿಷ್ಠ 1,500 ರೂಪಾಯಿಯನ್ನು ಕೇಂದ್ರ ಸರ್ಕಾರ ಭರಿಸುವ ಕ್ರಮ ಬಂದಿತು. ಈ ಲೆಕ್ಕದಲ್ಲಿ ಮಾಲೀಕರ ಪಾಲು 4,500 ರೂಪಾಯಿ. ಒಪ್ಪಂದಕ್ಕೆ ಮುನ್ನ ಪ್ರಸಕ್ತ ದರಗಳನ್ನು ಪೋರ್ಟಲ್‌ನಲ್ಲಿ ನೋಡಿಕೊಳ್ಳುವುದು ಒಳಿತು.

ಭವಿಷ್ಯನಿಧಿಗೆ ನೋಂದಾಯಿಸಿದ ಘಟಕಗಳಿಗೆ ಇನ್ನೊಂದು ಅವಕಾಶವಿದೆ. ಪ್ರಧಾನಮಂತ್ರಿ ವಿಕಸಿತ ಭಾರತ ರೋಜ್‌ಗಾರ್ ಯೋಜನೆಯು 2025ರ ಆಗಸ್ಟ್ 1ರಿಂದ 2027ರ ಜುಲೈ 31ರವರೆಗೆ ಸೃಷ್ಟಿಯಾಗುವ ಉದ್ಯೋಗಗಳಿಗೆ ಅನ್ವಯಿಸುತ್ತದೆ. ಮೊದಲ ಬಾರಿ ಉದ್ಯೋಗಕ್ಕೆ ಸೇರುವವರಿಗೆ ಒಂದು ತಿಂಗಳ ವೇತನದಷ್ಟು, ಗರಿಷ್ಠ 15,000 ರೂಪಾಯಿ ಎರಡು ಕಂತುಗಳಲ್ಲಿ ದೊರೆಯುತ್ತದೆ. ಮಾಲೀಕರಿಗೆ ಪ್ರತಿ ಹೆಚ್ಚುವರಿ ನೌಕರನಿಗೆ ತಿಂಗಳಿಗೆ ಗರಿಷ್ಠ 3,000 ರೂಪಾಯಿ ಎರಡು ವರ್ಷ ಸಿಗುತ್ತದೆ. ತಯಾರಿಕಾ ಘಟಕಗಳಿಗೆ ಮೂರು ಮತ್ತು ನಾಲ್ಕನೇ ವರ್ಷವೂ ಉಂಟು. 50ಕ್ಕಿಂತ ಕಡಿಮೆ ನೌಕರರಿರುವ ಘಟಕ ಕನಿಷ್ಠ ಇಬ್ಬರನ್ನು ಹೊಸದಾಗಿ ಸೇರಿಸಿಕೊಂಡು ಆರು ತಿಂಗಳಾದರೂ ಉಳಿಸಿಕೊಳ್ಳಬೇಕು. ಕಾರ್ಮಿಕನ ಮೊದಲ ಕಂತೂ ಆರು ತಿಂಗಳ ನಂತರವೇ ಬರುವುದರಿಂದ, ಆರಂಭದ ದಿನಗಳ ಕಷ್ಟಕ್ಕೆ ಅದು ಒದಗದು.

ಆ ಕಷ್ಟಕ್ಕೆ ಪರಿಹಾರ ಮಾಲೀಕರ ಕೈಯಲ್ಲೇ ಇದೆ. ಮೊದಲ ಮೂರು ತಿಂಗಳು ಪಗಾರವನ್ನು ವಾರಕ್ಕೊಮ್ಮೆ ಕೊಡಬಹುದು. ಕೊಠಡಿಯ ಮುಂಗಡ ಹಣವನ್ನು ತಾವೇ ಮನೆ ಮಾಲೀಕರಿಗೆ ನೀಡಿ, ಹುಡುಗನ ಒಪ್ಪಿಗೆಯಿಂದ ಸಣ್ಣ ಕಂತುಗಳಲ್ಲಿ ಮುರಿದುಕೊಳ್ಳಬಹುದು. ಅಂಗಡಿಯ ಉಗ್ರಾಣದಲ್ಲೇ ಮಲಗಿಸುವುದು ಸುಲಭವೆಂದು ತೋರಿದರೂ ಅದು ತರವಲ್ಲ. ಹಾಗೆ ಮಲಗುವವನಿಗೆ ಕೆಲಸದ ವೇಳೆ ಎಂದೂ ಮುಗಿಯುವುದಿಲ್ಲ, ಏನಾದರೂ ಕಾಣೆಯಾದರೆ ಮೊದಲ ಅನುಮಾನವೂ ಅವನ ಮೇಲೆಯೇ. ಗಲ್ಲಾಪೆಟ್ಟಿಗೆಯ ಜವಾಬ್ದಾರಿಯನ್ನು ಎಲ್ಲ ಹೊಸಬರಂತೆ ಇವರಿಗೂ ಹಂತಹಂತವಾಗಿ ವಹಿಸಬೇಕು, ವಹಿಸದೆ ಮಾತ್ರ ಇರಬಾರದು. ಹೆಣ್ಣುಮಕ್ಕಳನ್ನು ನೇಮಿಸಿಕೊಳ್ಳುವಾಗ ವಸತಿ ಮೊದಲು ಖಚಿತವಾಗಬೇಕು. ಹತ್ತು ಅಥವಾ ಹೆಚ್ಚು ನೌಕರರಿದ್ದರೆ 2013ರ ಕಾಯ್ದೆಯಂತೆ ಆಂತರಿಕ ಸಮಿತಿ ಕಡ್ಡಾಯ.

ಕೆಲಸ ಕಲಿತು ಬರಲೆಂದು ಬಯಸುವವರು ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಗಳನ್ನು ಗಮನಿಸಬಹುದು. ಇವುಗಳಿಗೆ ಮಾದರಿಯಾದ ರುಡ್‌ಸೆಟ್ 1982ರಲ್ಲಿ ಉಜಿರೆಯಲ್ಲಿ ಆರಂಭವಾಯಿತು. ಕೂಡ್ಲಿಗಿಗೆ ನೆರೆಯ ಚಿತ್ರದುರ್ಗದಲ್ಲಿಯೂ ಅದರ ಕೇಂದ್ರವಿದೆ. ತರಬೇತಿಯೊಂದಿಗೆ ಊಟ-ವಸತಿಯೂ ಉಚಿತವಾಗಿರುವುದು ಇವರ ಮಟ್ಟಿಗೆ ದೊಡ್ಡ ಅನುಕೂಲ.

ಆಸಕ್ತ ವರ್ತಕರು ನೇರವಾಗಿ ಬಾಲಮಂದಿರಕ್ಕೆ ಹೋಗಿ ಹುಡುಗರನ್ನು ಆರಿಸುವಂತಿಲ್ಲ. ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಬರವಣಿಗೆಯಲ್ಲಿ ತಮ್ಮ ಕೆಲಸದ ಸ್ವರೂಪ, ವೇತನ, ವಸತಿಯ ವಿವರ ನೀಡಬೇಕು. 18 ತುಂಬುವ ಆರು ತಿಂಗಳು ಮೊದಲೇ ಈ ಪತ್ರ ತಲುಪಿದ್ದರೆ ಹೊಂದಿಕೆಗೆ ಸಮಯ ಸಿಗುತ್ತದೆ. ಸೇರಿದ ಮೇಲೆ ಯಾರನ್ನು ಸಂಪರ್ಕಿಸಬೇಕೆಂಬ ಒಂದು ಹೆಸರು, ಒಂದು ದೂರವಾಣಿ ಸಂಖ್ಯೆಯನ್ನು ಘಟಕದಿಂದ ಪಡೆದಿಟ್ಟುಕೊಳ್ಳಬೇಕು.

ಕೊನೆಯದಾಗಿ ರಜಾದಿನಗಳ ವಿಷಯ. ಕೊಟ್ಟೂರೇಶ್ವರ ರಥೋತ್ಸವ, ಮೈಲಾರ ಜಾತ್ರೆ, ಯುಗಾದಿ, ದೀಪಾವಳಿಗೆ ಅಂಗಡಿ ಮುಚ್ಚಿ ಎಲ್ಲರೂ ತಮ್ಮ ಊರಿಗೆ ಹೊರಡುತ್ತಾರೆ, ಖಾನಾವಳಿಯವರೂ ಬಾಗಿಲು ಹಾಕುತ್ತಾರೆ. ಆ ಎರಡು ದಿನ ಆತ ಎಲ್ಲಿ ಉಣ್ಣುತ್ತಾನೆ ಎಂಬುದನ್ನು ಹಬ್ಬದ ಹಿಂದಿನ ಸಂಜೆಗೆ ಬಿಡದೆ, ಕೆಲಸಕ್ಕೆ ಸೇರಿದ ದಿನವೇ ಮಾತನಾಡಿಕೊಳ್ಳಬೇಕು.